ಸಿನಿಮಾ ಹೇಳುವುದು, ಕೇಳುವುದು: ಗೆಳೆಯರ ಗುಂಪಿಗೊಂದು ಕೈಪಿಡಿ

‘ಸೂಪರ್ ಮಾರಾಯ, ನೋಡ್ಲೇಬೇಕು’ ಎಂಬ ಒಂದೇ ಸಾಲಿನೊಂದಿಗೆ ವಾಟ್ಸಾಪ್ ಗುಂಪಿಗೆ ಬಂದು ಬೀಳುವ ಸಿನಿಮಾ ಹೆಸರುಗಳಲ್ಲಿ ಹೆಚ್ಚಿನವನ್ನು ಯಾರೂ ನೋಡುವುದಿಲ್ಲ. ಸಿನಿಮಾ ಕೆಟ್ಟದ್ದೆಂದಲ್ಲ. ಅದು ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿನದು, ಮನೆಮಂದಿಯ ಜೊತೆ ಕೂತು ನೋಡಬಹುದೋ ಇಲ್ಲವೋ ಎಂಬುದು ಓದಿದವರಿಗೆ ತಿಳಿಯುವುದಿಲ್ಲ. ಹುಡುಕಿ ನೋಡೋಣ ಅನ್ನುವಷ್ಟರಲ್ಲಿ ಗುಡ್ ಮಾರ್ನಿಂಗ್ ಮೆಸೇಜುಗಳಡಿ ಹೆಸರು ಕಳೆದುಹೋಗಿರುತ್ತದೆ. ಯಾರಿಗೆ, ಯಾವ ಹೊತ್ತಿಗೆ ಎಂದು ಗೊತ್ತುಮಾಡಿಕೊಂಡು ಹೇಳಿದರೆ ಮಾತ್ರ ನೋಡುತ್ತಾರೆ.

ಸಿನಿಮಾ ನೋಡಿ ಕೂತು ಮಾತಾಡುವ ರೂಢಿ ನಮ್ಮ ಮಲೆನಾಡಿನ ಕಡೆಗೆ ಹೊಸದಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವಿನ ಊರಿನಲ್ಲಿ ಜಗತ್ತಿನ ಸಿನಿಮಾ ತೋರಿಸಿ ಚರ್ಚೆಗೆ ಕೂರಿಸಿತ್ತು. ಆಗ ರೀಲು ತರಿಸುವುದೇ ದೊಡ್ಡ ಕೆಲಸ. ಈಗ ಫೋನಿನಲ್ಲೇ ಸಾವಿರ ಸಿನಿಮಾ ಇವೆ, ಆರಿಸಿ ಕೊಡುವವರು ಬೇಕಾಗಿದ್ದಾರೆ.

ಮೊದಲು ನಿಮ್ಮ ಪಟ್ಟಿ

ನಿಮ್ಮ ರುಚಿ ಏನೆಂದು ಗೊತ್ತಿಲ್ಲದವರಿಗೆ ನಿಮ್ಮ ಮಾತಿನ ತೂಕವೂ ಗೊತ್ತಾಗುವುದಿಲ್ಲ. ಅದಕ್ಕೆ ಹತ್ತು ಸಿನಿಮಾದ ಒಂದು ಪಟ್ಟಿ ಮಾಡಿ ಗುಂಪಿಗೆ ಹಾಕಿ. ನೂರರ ಪಟ್ಟಿ ಯಾರೂ ಓದುವುದಿಲ್ಲ. ಲೆಟರ್‌ಬಾಕ್ಸ್‌ಡ್ ಎಂಬ ಸಿನಿಮಾ ಡೈರಿಯ ಆ್ಯಪ್ ಮೆಚ್ಚಿನ ಚಿತ್ರಗಳಿಗೆ ಕೊಡುವುದು ನಾಲ್ಕೇ ಜಾಗ.

ಹತ್ತನ್ನು ಹೀಗೆ ಹಂಚಿಕೊಳ್ಳಿ. ಐದು, ಟೀವಿಯಲ್ಲಿ ಮಧ್ಯದಿಂದ ಸಿಕ್ಕಿದರೂ ಕೊನೆತನಕ ನೋಡುವಂಥವು. ಮೂರು, ನಿಮಗೆ ಹಿಡಿಸಿ ಸುತ್ತಲಿನವರಿಗೆ ಹಿಡಿಸದವು. ಉಳಿದ ಎರಡು, ಊರೆಲ್ಲ ಹೊಗಳಿದರೂ ನಿಮಗೆ ಕೂರಲಾಗದವು. ಈ ಕೊನೆಯ ಎರಡೇ ಹೆಚ್ಚು ಕೆಲಸಕ್ಕೆ ಬರುತ್ತವೆ, ಏಕೆಂದರೆ ಮೆಚ್ಚಿದ್ದರಲ್ಲಿ ಎಲ್ಲರೂ ಒಂದೇ ಥರ ಕಾಣುತ್ತೇವೆ, ಬೇಡವೆಂದದ್ದರಲ್ಲಿ ಬೇರೆಯಾಗುತ್ತೇವೆ. ಪಟ್ಟಿಯಲ್ಲಿ ಇರಲೇಬೇಕು ಎಂಬ ಮರ್ಯಾದೆಗೆ ಯಾವುದನ್ನೂ ಸೇರಿಸಬೇಡಿ. ಪ್ರಶಸ್ತಿ ಬಂದ ಸಿನಿಮಾಗಳನ್ನೇ ಪೇರಿಸಿದವರಿಗೆ ಆಮೇಲೆ ಎಲ್ಲರೂ ಪ್ರಶಸ್ತಿ ಸಿನಿಮಾಗಳನ್ನೇ ಹೇಳುತ್ತಾರೆ.

ಹೇಳುವ ಕ್ರಮ

ಒಂದು ಸಲಕ್ಕೆ ಒಂದೇ ಸಿನಿಮಾ. ಐದು ಹೆಸರು ಒಟ್ಟಿಗೆ ಕೊಟ್ಟರೆ ಕೇಳಿದವರು ಐದರಲ್ಲಿ ಆರಿಸಲಾರದೆ ಯಾವುದನ್ನೂ ನೋಡದೆ ಬಿಡುತ್ತಾರೆ.

ಸಂದೇಶದಲ್ಲಿ ಇಷ್ಟಿರಲಿ: ಹೆಸರು, ವರ್ಷ, ಭಾಷೆ, ನಿರ್ದೇಶಕರು, ಎಷ್ಟು ಹೊತ್ತು, ಎಲ್ಲಿ ಸಿಗುತ್ತದೆ (ಕಳಿಸುವ ದಿನವೇ ಆ್ಯಪ್ ತೆರೆದು ಖಾತ್ರಿ ಮಾಡಿಕೊಳ್ಳಿ, ಹೋದ ತಿಂಗಳು ಇದ್ದದ್ದು ಈಗ ಇರಲಿಕ್ಕಿಲ್ಲ), ಕತೆ ಎರಡು ವಾಕ್ಯದಲ್ಲಿ, ಯಾವಾಗ, ಯಾರ ಜೊತೆ ನೋಡಬೇಕು, ಒಂದು ಎಚ್ಚರಿಕೆ. ಉದಾಹರಣೆಗೆ (ಎಷ್ಟು ಹೊತ್ತು, ಎಲ್ಲಿ ಸಿಗುತ್ತದೆ ಎಂಬುದನ್ನು ಕಳಿಸುವ ದಿನ ನೋಡಿ ಸೇರಿಸಿ):

‘ಭಾವ, “ದ್ವೀಪ”, 2002, ಕನ್ನಡ, ಗಿರೀಶ ಕಾಸರವಳ್ಳಿ. ನಾ. ಡಿಸೋಜ ಅವರ ಕಾದಂಬರಿಯಿಂದ ಮಾಡಿದ್ದು, ಸೌಂದರ್ಯ ಇದ್ದಾರೆ. ಅಣೆಕಟ್ಟಿನ ನೀರು ಏರಿ ಊರು ಖಾಲಿಯಾಗುವಾಗ ಗುಡ್ಡ ಬಿಟ್ಟು ಹೋಗಲೊಪ್ಪದ ಮನೆಯೊಂದರ ಕತೆ. ಮಾತು ಕಡಿಮೆ, ಮಳೆ ಜಾಸ್ತಿ. ಊಟ ಆದ ಮೇಲೆ ಫೋನ್ ಬದಿಗಿಟ್ಟು ನೋಡಿ, ಕೆಲಸದ ಮಧ್ಯೆ ಬೇಡ. ಸಣ್ಣ ಮಕ್ಕಳಿಗೆ ಬೇಜಾರಾದೀತು.’

ಇದೇ ಸಿನಿಮಾವನ್ನು ಎಲ್ಲರಿಗೂ ಇದೇ ಥರ ಹೇಳಬಾರದು. ಸಾಗರ, ಹೊಸನಗರ ಕಡೆಯವರಿಗೆ ‘ಮುಳುಗಡೆ ಕತೆ’ ಅಂದರೆ ಸಾಕು, ಮಿಕ್ಕದ್ದು ಅವರಿಗೇ ಗೊತ್ತು. ದಾವಣಗೆರೆಯ ಗೆಳೆಯನಿಗೆ ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ ಊರಿಗೆ ಊರೇ ನೀರಿನಡಿ ಹೋದದ್ದನ್ನು ಒಂದು ಸಾಲಿನಲ್ಲಿ ಹೇಳಬೇಕು. ಮುಳುಗಡೆಯಲ್ಲಿ ಮನೆ ಕಳಕೊಂಡ ಕುಟುಂಬದ ಹಿರಿಯರಿಗಾದರೆ ಯಾವ ಕತೆ ಎಂದು ಮೊದಲೇ ತಿಳಿಸಿ, ನೋಡುವುದು ಬಿಡುವುದು ಅವರಿಗೆ ಬಿಡಿ. ಅವರ ಪಾಲಿಗೆ ಅದು ಸಂಜೆಯ ಕಾಲಕ್ಷೇಪವಲ್ಲ.

ವರ್ಷ, ಭಾಷೆ ಹಾಕುವುದನ್ನು ಹಲವರು ಬಿಡುತ್ತಾರೆ, ಅಲ್ಲೇ ಎಡವಟ್ಟಾಗುವುದು. ಬರೀ ‘ದೃಶ್ಯ’ ಎಂದರೆ ಯಾವುದು? ಮೂಲ 2013ರ ಮಲಯಾಳಂ ಚಿತ್ರ, ಮೋಹನ್‌ಲಾಲ್ ಅವರದ್ದು. ಕನ್ನಡದ್ದು 2014ರದು, ರವಿಚಂದ್ರನ್. ತೆಲುಗು, ತಮಿಳು, ಹಿಂದಿಯಲ್ಲೂ ಬಂದಿದೆ. ನೀವು ಒಂದನ್ನು ಮನಸ್ಸಿನಲ್ಲಿಟ್ಟು ಹೇಳಿ, ಅವರು ಇನ್ನೊಂದನ್ನು ನೋಡಿ ಬಂದರೆ ಚರ್ಚೆ ದಾರಿ ತಪ್ಪುತ್ತದೆ.

‘ಸ್ಲೋ’ ಎಂಬ ಪದ ಏನನ್ನೂ ತಿಳಿಸುವುದಿಲ್ಲ. ಯಾವುದು ನಿಧಾನ ಎಂದು ಹೇಳಿ: ಒಂದೇ ದೃಶ್ಯವನ್ನು ಕತ್ತರಿಸದೆ ತುಂಬ ಹೊತ್ತು ಹಿಡಿಯುತ್ತಾರೋ, ಮಾತು ಕಡಿಮೆಯೋ, ಅಥವಾ ಕತೆ ಶುರುವಾಗಲಿಕ್ಕೇ ಮುಕ್ಕಾಲು ಗಂಟೆ ಬೇಕೋ? ಮೊದಲ ಎರಡನ್ನು ತಯಾರಾಗಿ ಕೂತವರು ಸಹಿಸುತ್ತಾರೆ. ಮೂರನೆಯದಕ್ಕೆ ‘ಇಂಟರ್ವಲ್ ತನಕ ತಡ್ಕೊಳ್ಳಿ’ ಎಂದು ಸ್ಪಷ್ಟವಾಗಿಯೇ ಬರೆಯಿರಿ. ಕಪ್ಪುಬಿಳುಪಿನದಾದರೆ ಅದನ್ನೂ ಮುಚ್ಚಿಡಬೇಡಿ.

ಮಕ್ಕಳಿರುವ ಮನೆಗೆ ಹೇಳುವಾಗ ಸೆನ್ಸಾರ್ ಪತ್ರ ನೋಡಿ. ಹೊಸ ನಿಯಮದಲ್ಲಿ ಯುಎ ಎಂಬುದು 7, 13, 16 ವರ್ಷದ ಮೂರು ಮೆಟ್ಟಿಲಾಗಿದೆ. ಹಳೆಯ ಸಿನಿಮಾಗಳಲ್ಲಿ ಬರೀ ‘ಯುಎ’ ಇರುತ್ತದೆ, ಅಲ್ಲಿ ನೀವು ನೋಡಿದ್ದೇ ಆಧಾರ.

ಗುಟ್ಟು ಬಿಡದೆ ಹೇಳುವುದು

ಮೊದಲ ಇಪ್ಪತ್ತು ನಿಮಿಷದಲ್ಲಿ ಆಗುವುದನ್ನು ಹೇಳಬಹುದು, ಅದರಾಚೆಯದು ಬೇಡ. ಕೊಲೆಗಾರ ಯಾರೆಂದು ಹೇಳಬಾರದು ಎಂದು ಎಲ್ಲರಿಗೂ ಗೊತ್ತು. ಆದರೆ ‘ಕೊನೆಗೊಂದು ಟ್ವಿಸ್ಟ್ ಇದೆ, ಊಹಿಸೋಕೇ ಆಗಲ್ಲ’ ಎಂಬುದೂ ಗುಟ್ಟು ಬಿಟ್ಟಂತೆಯೇ. ಕೇಳಿದವರು ಕತೆ ನೋಡುವುದು ಬಿಟ್ಟು ಟ್ವಿಸ್ಟ್‌ಗೆ ಕಾಯುತ್ತಾ ಕೂರುತ್ತಾರೆ, ಸಿಕ್ಕಸಿಕ್ಕವರ ಮೇಲೆಲ್ಲ ಅನುಮಾನಪಡುತ್ತಾರೆ. ‘ಮೊದಲರ್ಧದಲ್ಲಿ ಸಣ್ಣಪುಟ್ಟದ್ದನ್ನೂ ಗಮನಿಸಿ’ ಎನ್ನುವ ಸಲಹೆಯೂ ಅದೇ ಜಾತಿಯದು.

ನೋಡಿದವರು ಗುಂಪಿನಲ್ಲೇ ಮಾತಾಡಬೇಕೆಂದರೆ ವಾಟ್ಸಾಪಿನಲ್ಲಿ ಒಳ್ಳೆಯ ದಾರಿ ವಾಯ್ಸ್ ಮೆಸೇಜ್. ‘ದೃಶ್ಯ, ನೋಡಿದವರಿಗೆ ಮಾತ್ರ’ ಎಂದು ಒಂದು ಸಾಲು ಬರೆದು ಅದರ ಕೆಳಗೆ ಧ್ವನಿ ಹಾಕಿ. ಒತ್ತದೆ ಕೇಳಿಸುವುದಿಲ್ಲ. ಚುಕ್ಕಿ ಚುಕ್ಕಿ ಹಾಕಿ ಬರಹವನ್ನು ಕೆಳಕ್ಕೆ ತಳ್ಳುವ ಉಪಾಯ ಅಷ್ಟು ನಂಬಿಕೆಯದಲ್ಲ, ಮುಂದಿನವರು ನಿಮ್ಮ ಸಂದೇಶಕ್ಕೇ ಉತ್ತರ ಕೊಡುತ್ತಾ ಎಲ್ಲವನ್ನೂ ಬಯಲು ಮಾಡುತ್ತಾರೆ. ಟೆಲಿಗ್ರಾಂನಲ್ಲಿ ಅಕ್ಷರಗಳನ್ನೇ ಮಸುಕು ಮಾಡುವ ಸ್ಪಾಯ್ಲರ್ ಸೌಲಭ್ಯ ಇದೆ, ಆ ಸಾಲನ್ನು ಆಯ್ದು ಫಾರ್ಮ್ಯಾಟ್‌ನಲ್ಲಿ ಹುಡುಕಿ.

ಕೇಳುವುದಕ್ಕೂ ಕ್ರಮವಿದೆ

‘ಒಳ್ಳೆ ಸಿನಿಮಾ ಹೇಳಿ’ ಎಂದರೆ ಬರುವುದು ಆ ವಾರ ಎಲ್ಲರ ಬಾಯಲ್ಲಿರುವ ಹೆಸರು, ನಿಮಗೂ ಆಗಲೇ ಗೊತ್ತಿರುವುದು. ಇತ್ತೀಚೆಗೆ ಹಿಡಿಸಿದ ಎರಡು, ಹಿಡಿಸದ ಒಂದು ಹೇಳಿ, ಕಾರಣ ಸೇರಿಸಿ. ಎಷ್ಟು ಹೊತ್ತಿದೆ, ಯಾರ ಜೊತೆ, ಯಾವ ಆ್ಯಪ್ ಇದೆ, ಸಬ್‌ಟೈಟಲ್ ಓದಬಲ್ಲವರೇ ಎಲ್ಲರೂ, ಇದನ್ನೂ ಹೇಳಿ. ಮಲಯಾಳಂ ಸಿನಿಮಾ ಎಂದರೆ ಪ್ರಾಣ ಬಿಡುವವರು ನಮ್ಮಲ್ಲಿ ಬಹಳ, ಆದರೆ ಸಬ್‌ಟೈಟಲ್ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಇಂಗ್ಲಿಷ್ ಓದದ ಅಮ್ಮನ ಜೊತೆ ಕೂರುವುದಾದರೆ ಕನ್ನಡ ಡಬ್ಬಿಂಗ್ ಇರುವುದನ್ನೇ ಕೇಳಿ. ಪಕ್ಕದಲ್ಲಿ ಕೂತು ಅನುವಾದ ಹೇಳುತ್ತಾ ಹೋಗುವುದು ಹತ್ತು ನಿಮಿಷಕ್ಕೆ ಚೆಂದ, ಆಮೇಲೆ ಇಬ್ಬರಿಗೂ ಸಿನಿಮಾ ಸಿಗುವುದಿಲ್ಲ.

ಅಡಿಕೆ ಸುಗ್ಗಿಯಲ್ಲಿ ಇನ್ನೊಂದು ಲೆಕ್ಕ. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವವರ ಕಣ್ಣು ಕೈಮೇಲಿರಬೇಕು, ಇಲ್ಲದಿದ್ದರೆ ಬೆರಳಿಗೆ ಅಪಾಯ. ಅವರಿಗೆ ಬೇಕಾದದ್ದು ಕೇಳಿಯೇ ಅರ್ಥವಾಗುವ, ಮಾತಿನ ಬಲದ ಕನ್ನಡ ಸಿನಿಮಾ: ಹಾಸ್ಯ, ಸಂಸಾರದ ಕತೆ, ಹತ್ತು ಸಲ ನೋಡಿದ ಹಳೆಯದಾದರೆ ಇನ್ನೂ ಒಳ್ಳೆಯದು. ಸಬ್‌ಟೈಟಲ್ ಬೇಕಾಗುವುದು, ಮೌನದಲ್ಲೇ ಕತೆ ಹೇಳುವುದು ಅಲ್ಲಿಗೆ ಸಲ್ಲ. ಅವನ್ನೆಲ್ಲ ಮಳೆಗಾಲಕ್ಕೆ ಎತ್ತಿಡಿ.

ಗುಂಪು ನಡೆಸುವುದು

ಎಂಟರಿಂದ ಹನ್ನೆರಡು ಜನ ಸಾಕು. ಐವತ್ತಾದರೆ ಮೂವರು ಮಾತಾಡುತ್ತಾರೆ, ಉಳಿದವರು ಸ್ಟಿಕರ್ ಹಾಕುತ್ತಾರೆ. ಸರದಿ ಇಡಿ: ವಾರಕ್ಕೊಬ್ಬರು ಎಲ್ಲರಿಗೂ ಒಂದು ಸಿನಿಮಾ ಕೊಡಬೇಕು. ಒಟ್ಟಿಗೆ ನೋಡುವ ಸಿನಿಮಾ ಆರಿಸುವಾಗ ಪೋಲ್ ಹಾಕಬಹುದು. ವಾಟ್ಸಾಪ್ ಪೋಲ್‌ನಲ್ಲಿ 12 ಆಯ್ಕೆಗೆ ಅವಕಾಶವಿದ್ದರೂ ನಾಲ್ಕಕ್ಕಿಂತ ಹೆಚ್ಚು ಬೇಡ, ಓಟು ಚದುರಿ ಎರಡು ಓಟಿನ ಸಿನಿಮಾ ಗೆಲ್ಲುತ್ತದೆ. ಒಬ್ಬರು ಒಂದಕ್ಕಿಂತ ಹೆಚ್ಚು ಓಟು ಹಾಕುವ ಆಯ್ಕೆಯನ್ನು ಬಂದ್ ಮಾಡಿ. ಹೆಸರು ಸೂಚಿಸಿದವರು ತಮ್ಮದಕ್ಕೆ ಓಟು ಹಾಕಬಾರದು. ಗೆದ್ದ ಹೆಸರನ್ನು ಪಿನ್ ಮಾಡುವಾಗ 7 ದಿನ ಎಂದು ಆರಿಸಿ.

ಇಬ್ಬರೇ ಅದಲುಬದಲು ಮಾಡಿಕೊಳ್ಳುವುದು ಇದಕ್ಕಿಂತ ಸುಲಭ, ಫಲವೂ ಹೆಚ್ಚು. ನಾನು ನಿಮ್ಮದೊಂದು ನೋಡುತ್ತೇನೆ, ನೀವು ನನ್ನದೊಂದು ನೋಡಿ, ಎರಡು ವಾರ ಗಡುವು. ಒಬ್ಬರದ್ದು ಬಾಕಿ ಇರುವಾಗ ಹೊಸದು ಕೊಡುವಂತಿಲ್ಲ. ಈ ಒಂದು ಕಟ್ಟು ಇಲ್ಲದಿದ್ದರೆ ಒಬ್ಬರು ಹೇಳುತ್ತಲೇ ಇರುತ್ತಾರೆ, ಇನ್ನೊಬ್ಬರು ‘ನೋಡ್ತೀನಿ ನೋಡ್ತೀನಿ’ ಅನ್ನುತ್ತಲೇ ಇರುತ್ತಾರೆ.

ಕರೆಂಟು, ನೆಟ್‌ವರ್ಕು, ಮಳೆ

ತೀರ್ಥಹಳ್ಳಿ, ಹೊಸನಗರದ ಒಳಗಿನ ಹಳ್ಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನೋಡಲು ಸಮಯವಿದೆ, ಆದರೆ ಕರೆಂಟು ಹೋದ ಹಿಂದೆಯೇ ಟವರೂ ಹೋಗುತ್ತದೆ. ಆದ್ದರಿಂದ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸಾಮಾನ್ಯ ಗುಣಮಟ್ಟದಲ್ಲಿ ಗಂಟೆಗೆ ಸುಮಾರು ಮುಕ್ಕಾಲು ಜಿಬಿ, ಎಚ್‌ಡಿಯಲ್ಲಿ ಮೂರು ಜಿಬಿ ತನಕ ಡೇಟಾ ಬೇಕು. ಫೋನಿನಲ್ಲೇ ನೋಡುವುದಾದರೆ ಸಾಮಾನ್ಯದ್ದೇ ಸಾಕು. ಶಿವಮೊಗ್ಗಕ್ಕೋ ಸಾಗರಕ್ಕೋ ಪೇಟೆ ಕೆಲಸಕ್ಕೆ ಹೋದಾಗ ವೈಫೈ ಸಿಕ್ಕಲ್ಲಿ ಇಳಿಸಿಕೊಳ್ಳಿ. ಇಲ್ಲೊಂದು ಕುಣಿಕೆ ಇದೆ: ಡೌನ್‌ಲೋಡ್‌ಗೆ ಅವಧಿ ಇರುತ್ತದೆ, ಕೆಲವು ಆ್ಯಪ್‌ಗಳಲ್ಲಿ ಒಮ್ಮೆ ಪ್ಲೇ ಒತ್ತಿದ 48 ಗಂಟೆಗೆ ಮುಗಿದುಹೋಗುತ್ತದೆ. ‘ಬಂದಿದೆಯಾ ನೋಡೋಣ’ ಎಂದು ಬಸ್ಸಿನಲ್ಲೇ ಶುರುಮಾಡಬೇಡಿ.

ತಗಡಿನ ಶೀಟಿನ ಮನೆಯಲ್ಲಿ ಜೋರು ಮಳೆಗೆ ಯಾವ ಮಾತೂ ಕೇಳುವುದಿಲ್ಲ, ವಾಲ್ಯೂಮ್ ಏರಿಸಿದರೆ ಸ್ಪೀಕರ್ ಕಿರುಚುತ್ತದಷ್ಟೆ. ಕನ್ನಡ ಸಿನಿಮಾಕ್ಕೂ ಸಬ್‌ಟೈಟಲ್ ಹಾಕಿಕೊಳ್ಳಿ.

ಒಟ್ಟಿಗೆ ಕೂತು ನೋಡುವಾಗ

ಪ್ರೊಜೆಕ್ಟರ್ ಇದ್ದರೆ 100 ಇಂಚಿನ ಪರದೆಗೆ ಸುಮಾರು 2.2 ಮೀಟರ್ ಅಗಲ, 1.25 ಮೀಟರ್ ಎತ್ತರದ ಬಿಳಿ ಗೋಡೆ ಸಾಕು. ಮೂರು ಮೀಟರ್ ಹಿಂದೆ ಮೊದಲ ಸಾಲು. ಹೆಚ್ಚಾಗಿ ತಪ್ಪುವುದು ಚಿತ್ರದ ಕೆಳಅಂಚಿನ ಎತ್ತರದಲ್ಲಿ: ಮುಂದಿನವರ ತಲೆ ಸಬ್‌ಟೈಟಲ್ ಮುಚ್ಚುತ್ತದೆ. ಎಲ್ಲರೂ ಚಾಪೆ ಮೇಲಾದರೆ ಕೆಳಅಂಚು ನೆಲದಿಂದ ಸುಮಾರು 90 ಸೆಂಟಿಮೀಟರ್, ಕುರ್ಚಿಯಾದರೆ 120ಕ್ಕಿಂತ ಮೇಲಿರಲಿ. ಮುಂದೆ ಚಾಪೆ, ಹಿಂದೆ ಕುರ್ಚಿ ಹಾಕಿದರೆ ಈ ತಕರಾರೇ ಇಲ್ಲ. ಫೋನಿನಿಂದ ಪ್ರೊಜೆಕ್ಟರಿಗೆ ಹಾಕುವಾಗ ಶಬ್ದ ಬಂದು ಚಿತ್ರ ಮಾತ್ರ ಕಪ್ಪಾಗಿದ್ದರೆ ಪ್ರೊಜೆಕ್ಟರ್ ಕೆಟ್ಟಿಲ್ಲ. ಆ್ಯಪ್‌ನ ನಕಲು ತಡೆಯುವ ವ್ಯವಸ್ಥೆ ಅದು. ಸ್ಕ್ರೀನ್ ಮಿರರಿಂಗ್ ಬಿಟ್ಟು ಲ್ಯಾಪ್‌ಟಾಪಿನಿಂದ ನೇರ ಎಚ್‌ಡಿಎಂಐ ಕೇಬಲ್ ಹಾಕಿ. ಮಳೆಗಾಲದಲ್ಲಿ ಪ್ರೊಜೆಕ್ಟರನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬದಲ್ಲಿಡಿ, ಇಲ್ಲವಾದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ಮನೆಯಲ್ಲಿ ನಾಲ್ಕು ಜನ ಗೆಳೆಯರು ಕೂತು ನೋಡುವುದು ಬೇರೆ, ಶಾಲೆಯ ಸಭಾಂಗಣದಲ್ಲಿ ಊರಿಗೆ ತೋರಿಸುವುದು ಬೇರೆ. ಎರಡನೆಯದಕ್ಕೆ ಚಿತ್ರದ ಹಕ್ಕುದಾರರ ಅನುಮತಿ ಬೇಕು, ನಿಮ್ಮ ಸ್ವಂತ ಸಬ್‌ಸ್ಕ್ರಿಪ್ಷನ್ ಆಗುವುದಿಲ್ಲ. ಪೆನ್‌ಡ್ರೈವಿನಲ್ಲಿ ಓಡಾಡುವ ಕಳ್ಳ ಪ್ರತಿಯಂತೂ ಬೇಡವೇ ಬೇಡ.

ನಮ್ಮ ಕಡೆ ಚಿತ್ರೀಕರಣವಾದದ್ದನ್ನು ಹಾಕಿದರೆ ಒಂದು ತಾಪತ್ರಯ. ಆಗುಂಬೆಯಲ್ಲಿ ಶಂಕರ್‌ನಾಗ್ ತೆಗೆದ ‘ಮಾಲ್ಗುಡಿ ಡೇಸ್’ ಹಾಕಿ ನೋಡಿ, ‘ಅದು ದೊಡ್ಡಮನೆ ಅಲ್ವಾ?’ ಎಂಬಲ್ಲಿಂದ ಶುರುವಾಗಿ ಕತೆ ಎಲ್ಲೋ ಉಳಿಯುತ್ತದೆ. ತಡೆಯಲು ಹೋಗಬೇಡಿ. ಮೊದಲ ಕಂತು ಜಾಗ ಗುರುತಿಸುವುದಕ್ಕೆ ಬಿಟ್ಟುಕೊಟ್ಟು ಎರಡನೆಯದರಿಂದ ಕತೆ ನೋಡಿ.

ನೋಡಿದ ಮೇಲೆ

ಹೇಳಿದವರಿಗೆ ಉತ್ತರ ಕೊಡುವುದು ಬಾಕಿ ಇಡಬೇಡಿ. ಎಲ್ಲಿಯತನಕ ನೋಡಿದಿರಿ, ಯಾವ ದೃಶ್ಯ ಮನಸ್ಸಿನಲ್ಲಿ ಉಳಿಯಿತು, ಇಂಥದ್ದೇ ಇನ್ನೊಂದು ಬೇಕೋ ಬೇಡವೋ, ಇಷ್ಟು ಸಾಕು. ಅರ್ಧಕ್ಕೆ ಬಿಟ್ಟಿದ್ದರೆ ಎಷ್ಟನೇ ನಿಮಿಷಕ್ಕೆ ಬಿಟ್ಟಿರೆಂದು ಹೇಳಿ. ‘ಪರ್ವಾಗಿಲ್ಲ’ ಎಂಬ ಮರ್ಯಾದೆಯ ಮಾತಿಗಿಂತ ಅದು ಹೆಚ್ಚು ತಿಳಿಸುತ್ತದೆ. ನೀವು ಹೇಳಿದ್ದು ಅವರಿಗೆ ಹಿಡಿಸದಿದ್ದರೆ ವಾದಕ್ಕೆ ಇಳಿಯಬೇಡಿ, ‘ನಿಮಗೆ ಅರ್ಥವಾಗಿಲ್ಲ’ ಎಂಬ ಮಾತು ಬಂದ ಮೇಲೆ ಅವರು ಮತ್ತೆ ಕೇಳುವುದಿಲ್ಲ.

ಸ್ಟಾರ್ ಕೊಡುವ ಪದ್ಧತಿ ಗುಂಪಿನೊಳಗೆ ಕೆಲಸ ಮಾಡುವುದಿಲ್ಲ. ಒಬ್ಬರ ಮೂರು ಸ್ಟಾರ್ ಇನ್ನೊಬ್ಬರ ನಾಲ್ಕೂವರೆ. ‘ಮತ್ತೆ ನೋಡುತ್ತೇನೆ’, ‘ಒಂದು ಸಲ ಸಾಕು’, ‘ಮುಗಿಸಲಾಗಲಿಲ್ಲ’ ಎಂಬ ಮೂರೇ ದರ್ಜೆ ಇಟ್ಟುಕೊಳ್ಳಿ. ಗೂಗಲ್ ಶೀಟ್‌ನಲ್ಲೋ ಒಂದು ನೋಟ್‌ಬುಕ್ಕಿನಲ್ಲೋ ಬರೆದಿಡಿ: ದಿನಾಂಕ, ಸಿನಿಮಾ ಮತ್ತು ವರ್ಷ, ಹೇಳಿದವರು, ನೋಡಿದವರು, ದರ್ಜೆ. ಹತ್ತಿಪ್ಪತ್ತು ಸಿನಿಮಾ ಆಗುವಷ್ಟರಲ್ಲಿ ಯಾರ ಮಾತು ಕಣ್ಣುಮುಚ್ಚಿ ನಂಬಬಹುದೆಂದು ಕಾಣತೊಡಗುತ್ತದೆ. ಜೊತೆಗೆ ಯಾರೋ ಒಬ್ಬರು ‘ಮುಗಿಸಲಾಗಲಿಲ್ಲ’ ಅಂದದ್ದೆಲ್ಲ ನಿಮಗೆ ಹಿಡಿಸಿರುತ್ತದೆ. ಅವರನ್ನು ಗುಂಪಿನಿಂದ ಬಿಡಬೇಡಿ. ಈ ವಾರ ಯಾವುದು ಬೋರ್ ಹೊಡೆಸಿತು ಎಂದು ಅವರನ್ನು ಕೇಳಿ, ಅದನ್ನೇ ಹಾಕಿಕೊಂಡು ನೋಡಿ.