ಗುಂಡು ಯಾಕೆ ತಡವಾಗಿ ಬಂತು? – ಫಿಸಿಕ್ಸ್ ಕಲಿತು ಕಲಿಸಿದ ನನ್ನ ಅನುಭವ

ಥಿಯರಿ ಕ್ಲಾಸ್ ಬೇರೆ, ಲ್ಯಾಬ್ ಬೇರೆ, ಪ್ರಾಬ್ಲಮ್ ಬಿಡಿಸುವ ಕ್ಲಾಸ್ ಬೇರೆ. ಫಿಸಿಕ್ಸ್ ಕಲಿಸುವ ಹೆಚ್ಚಿನ ಕಡೆ ವೇಳಾಪಟ್ಟಿ ಹೀಗೇ ಇರುತ್ತದೆ. ಲ್ಯಾಬಿನಲ್ಲಿ ಲೋಲಕ ತೂಗುವ ವಾರ ಥಿಯರಿಯಲ್ಲಿ ವಿದ್ಯುತ್ ನಡೆಯುತ್ತಿರುತ್ತದೆ. ಮನೆಗೆ ಕೊಟ್ಟ ಲೆಕ್ಕಗಳು ಅದಕ್ಕೂ ಹಿಂದಿನ ಪಾಠದವು. ಮಕ್ಕಳಿಗೆ ಇವು ಮೂರು ಬೇರೆ ಬೇರೆ ವಿಷಯ ಅನ್ನಿಸಿದರೆ ತಪ್ಪು ಅವರದಲ್ಲ, ಅಲ್ವಾ?

ನಾನು ಮಾಡುವುದು ಇಷ್ಟೇ. ಒಂದೇ ವಸ್ತುವನ್ನು ಕೈಗೆ ಕೊಡುತ್ತೇನೆ. ಅಳತೆ, ಥಿಯರಿ, ಲೆಕ್ಕ ಮೂರನ್ನೂ ಅದರ ಮೇಲೇ ಮಾಡಿಸುತ್ತೇನೆ. ಜೊತೆಗೆ ಒಂದು ಕಟ್ಟುನಿಟ್ಟು: ಅಳೆಯುವ ಮೊದಲು ಉತ್ತರ ಬರೆದಿಡಬೇಕು. ಪೆನ್ನಿನಲ್ಲಿ. ಅಳಿಸುವ ಹಾಗಿಲ್ಲ. ನಾನೇ ಹೊಸದೇನಾದರೂ ಕಲಿಯಲು ಕೂತಾಗಲೂ ಇದನ್ನೇ ಮಾಡುತ್ತೇನೆ. ಮೊದಲೇ ಒಂದು ಸಂಖ್ಯೆ ಬರೆದಿದ್ದರೆ ಪ್ರಯೋಗದ ಮೇಲೆ ಒಂದು ಹಠ ಬರುತ್ತದೆ. ಬರೆಯದಿದ್ದರೆ ಏನು ಬಂದರೂ 'ಹೌದು, ನನಗೂ ಹಾಗೇ ಅನ್ನಿಸಿತ್ತು' ಅಂತ ಮನಸ್ಸು ಜಾರಿಕೊಳ್ಳುತ್ತದೆ.

ಇದಕ್ಕೆ ನಾನು ಅತಿ ಹೆಚ್ಚು ಬಳಸಿದ ಪ್ರಯೋಗ ಇಳಿಜಾರು ಹಲಗೆ. ಬೇಕಾಗುವುದು ನುಣುಪಾದ ಒಂದು ಹಲಗೆ, 20 ಮಿಲಿಮೀಟರ್ ವ್ಯಾಸದ ಉಕ್ಕಿನ ಬೇರಿಂಗ್ ಗುಂಡು, ಮೊಬೈಲಿನ ಸ್ಟಾಪ್‌ವಾಚ್. ಗುಂಡು ಬಿಡುವ ಜಾಗದಿಂದ ಮುಟ್ಟುವ ಜಾಗಕ್ಕೆ ಹಲಗೆಯ ಮೇಲೆ ಸರಿಯಾಗಿ 1 ಮೀಟರ್. ಎರಡರ ಎತ್ತರದ ವ್ಯತ್ಯಾಸ 5 ಸೆಂಟಿಮೀಟರ್. ಗುಂಡು ಕೆಳಗೆ ಬರಲು ಎಷ್ಟು ಹೊತ್ತು?

ಇಳಿಜಾರಿನ ಪಾಠ ಓದಿದವರಿಗೆ ಇದು ಎರಡು ನಿಮಿಷದ ಲೆಕ್ಕ. ಇಳಿಜಾರಿನುದ್ದಕ್ಕೂ ವೇಗೋತ್ಕರ್ಷ (ವೇಗ ಏರುವ ದರ) ಎಂದರೆ 'ಜಿ' (ಭೂಮಿಯ ಗುರುತ್ವದ ವೇಗೋತ್ಕರ್ಷ, 9.8) ಗುಣಿಸು ಕೋನದ ಸೈನ್. ಇಲ್ಲಿ ಸೈನ್ (ಎತ್ತರ ಭಾಗಿಸು ಹಲಗೆಯ ಉದ್ದ) 0.05. ಹಾಗಾಗಿ ವೇಗೋತ್ಕರ್ಷ 0.49 (ಮೀಟರ್ ಪ್ರತಿ ಸೆಕೆಂಡ್ ವರ್ಗ). ಸಮಯ 2.02 ಸೆಕೆಂಡ್. ಎಲ್ಲರೂ ಬರೆದು ಕೂರುತ್ತಾರೆ. ಗುಂಡು ಬಿಡುತ್ತೇವೆ. ಗಡಿಯಾರ 2.4ರ ಆಚೀಚೆ ನಿಲ್ಲುತ್ತದೆ. ಇನ್ನೊಬ್ಬರ ಕೈಗೆ ಕೊಡಿ, ಮತ್ತೆ 2.4. ಹಲಗೆ ಒರೆಸಿ ಬಿಡಿ, ಆಗಲೂ 2.4.

ಮೊದಲ ಅನುಮಾನ ಸ್ಟಾಪ್‌ವಾಚ್ ಒತ್ತಿದವರ ಮೇಲೆ. ಅದಕ್ಕೆ ನನ್ನ ಬಳಿ ಒಂದು ಸ್ಕೇಲ್ ಇರುತ್ತದೆ. ಒಬ್ಬರು ಅದನ್ನು ನೇರವಾಗಿ ತೂಗು ಹಿಡಿದು ಬಿಡಬೇಕು, ಇನ್ನೊಬ್ಬರು ಕೆಳತುದಿಯಲ್ಲಿ ಬೆರಳಿಟ್ಟುಕೊಂಡು ಹಿಡಿಯಬೇಕು. ಸುಮಾರು 20 ಸೆಂಟಿಮೀಟರ್ ಜಾರಿದ ಮೇಲೆ ಕೈಗೆ ಸಿಗುತ್ತದೆ. ಅಂದರೆ ಕಣ್ಣು ಕಂಡು ಕೈ ಆಡಲು 0.2 ಸೆಕೆಂಡ್. ನಮ್ಮ ಹಲಗೆಯಲ್ಲಿ ವ್ಯತ್ಯಾಸ 0.37 ಸೆಕೆಂಡ್. ಸಾಲದ್ದಕ್ಕೆ ಶುರು ಒತ್ತುವಾಗಲೂ ನಿಲ್ಲಿಸುವಾಗಲೂ ಅದೇ ಕೈ ತಡ ಮಾಡುವುದರಿಂದ ಒಂದಷ್ಟು ಕಳೆದುಹೋಗುತ್ತದೆ. ಮತ್ತೆ ಮತ್ತೆ ಬಿಟ್ಟು ಸರಾಸರಿ ತೆಗೆದರೆ ಉಳಿದದ್ದೂ ಕಡಿಮೆಯಾಗುತ್ತದೆ. ಕೈಯ ತಪ್ಪು ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಅಳತೆಯ ದೋಷದ ಬಗ್ಗೆ ಬೋರ್ಡಿನ ಮೇಲೆ ಒಂದು ಪೀರಿಯಡ್ ಕೊರೆಯುವುದಕ್ಕಿಂತ ಈ ಐದು ನಿಮಿಷ ವಾಸಿ.

ಮುಂದಿನ ಉತ್ತರ ತಕ್ಷಣ ಬರುತ್ತದೆ. 'ಘರ್ಷಣೆ ಸಾರ್.' ಫಿಸಿಕ್ಸ್ ಲ್ಯಾಬಿನಲ್ಲಿ ಘರ್ಷಣೆಯಷ್ಟು ಬೈಸಿಕೊಂಡ ಪಾಪದ ಪ್ರಾಣಿ ಇನ್ನೊಂದಿಲ್ಲ. ಲೆಕ್ಕ ತಾಳೆಯಾಗದಿದ್ದರೆ ಘರ್ಷಣೆ, ಅದೂ ಅಲ್ಲದಿದ್ದರೆ ಗಾಳಿ. ರೆಕಾರ್ಡ್ ಬುಕ್ಕಿನ ಕೊನೆಗೆ ಎರಡು ಸಾಲು ಬರೆದು ಎಲ್ಲರೂ ಎದ್ದು ಹೋಗುತ್ತಾರೆ. ನಾನು ಇಲ್ಲಿ ತಡೆದು ನಿಲ್ಲಿಸುತ್ತೇನೆ. ಸರಿ, ಘರ್ಷಣೆಯೇ ಅನ್ನಿ. ಎಷ್ಟು?

ಅಳೆದ 2.4 ಸೆಕೆಂಡಿನಿಂದ ಹಿಂದಕ್ಕೆ ಹೋದರೆ ವೇಗೋತ್ಕರ್ಷ 0.35. ಇರಬೇಕಾಗಿದ್ದದ್ದು 0.49. ಘರ್ಷಣೆ 0.14 ತಿಂದಿದೆ ಎಂದಾಯಿತು. ಹಲಗೆಯನ್ನು ಸ್ವಲ್ಪ ಎತ್ತರಿಸಿದ ಮಾತ್ರಕ್ಕೆ ಘರ್ಷಣೆ ಹೆಚ್ಚುಕಡಿಮೆ ಆಗುವುದಿಲ್ಲ. ಹಾಗಾದರೆ 5 ಸೆಂಟಿಮೀಟರ್ ಇದ್ದದ್ದನ್ನು 10 ಮಾಡಿದಾಗಲೂ ಅದು 0.14 ಅನ್ನೇ ತಿನ್ನಬೇಕು. ಆಗ ವೇಗೋತ್ಕರ್ಷ 0.98ರಲ್ಲಿ 0.14 ಹೋಗಿ 0.84. ಸಮಯ 1.54 ಸೆಕೆಂಡ್ ಬರಬೇಕು. ಇದನ್ನೂ ಪೆನ್ನಿನಲ್ಲಿ ಬರೆಸುತ್ತೇನೆ. ಗುಂಡು ಬಿಟ್ಟರೆ ಸರಾಸರಿ 1.7ರ ಹತ್ತಿರ ಬರುತ್ತದೆ. ಈಗ ಕಾಣೆಯಾದದ್ದು 0.28. ಎತ್ತರ ಎರಡು ಪಟ್ಟಾದರೆ ನಷ್ಟವೂ ಎರಡು ಪಟ್ಟು! ಘರ್ಷಣೆ ಹೀಗೆ ಲೆಕ್ಕ ಇಟ್ಟು ಪಾಲು ಕೇಳುವುದಿಲ್ಲ. ಎರಡೂ ಸಲ ಹೋಗಿರುವುದು ಏಳರಲ್ಲಿ ಎರಡು ಪಾಲು.

ತರಗತಿ ನಿಜವಾಗಿ ಎಚ್ಚರಾಗುವುದು ಇಲ್ಲಿ. ಯಾರೋ ಒಬ್ಬರು ಗುಂಡನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿರುತ್ತಾರೆ. ಪುಸ್ತಕದ ಲೆಕ್ಕದಲ್ಲಿ ಇದ್ದದ್ದು ಜಾರುವ ಪೆಟ್ಟಿಗೆ. ನಮ್ಮ ಗುಂಡು ಉರುಳುತ್ತದೆ. ಕೆಳಗಿಳಿಯುವುದರ ಜೊತೆಗೆ ತನ್ನ ಸುತ್ತ ತಾನೂ ತಿರುಗಬೇಕು. ಎತ್ತರದಿಂದ ಸಿಕ್ಕ ಶಕ್ತಿಯಲ್ಲಿ ಅದಕ್ಕೂ ಒಂದು ಪಾಲು ಹೋಗಬೇಕಲ್ಲ? ಗಟ್ಟಿ ಗೋಳದ ಜಡತ್ವದ ಮೊಮೆಂಟ್ (ತಿರುಗಿಸಲು ಹೋದಾಗ ವಸ್ತು ಎಷ್ಟು ಹಟ ಮಾಡುತ್ತದೆ ಅನ್ನುವ ಅಳತೆ) ಎಂದರೆ ರಾಶಿ ಗುಣಿಸು ತ್ರಿಜ್ಯದ ವರ್ಗದ ಐದರಲ್ಲಿ ಎರಡು ಭಾಗ. ಅದನ್ನು ಶಕ್ತಿಯ ಲೆಕ್ಕಕ್ಕೆ ಹಾಕಿದರೆ ಮುಂದೆ ಸಾಗಲು ಏಳರಲ್ಲಿ ಐದು ಪಾಲು, ತಿರುಗಲು ಎರಡು ಪಾಲು. 5 ಸೆಂಟಿಮೀಟರಿಗೆ 2.39 ಸೆಕೆಂಡ್, 10 ಸೆಂಟಿಮೀಟರಿಗೆ 1.69. ಗಡಿಯಾರ ಹೇಳಿದ್ದೂ ಅದನ್ನೇ.

ಜಡತ್ವದ ಮೊಮೆಂಟ್ ಅನ್ನು ಸೀದಾ ಸೂತ್ರವಾಗಿ ಹೇಳಿದಾಗ ಮಕ್ಕಳ ಮುಖ ಹೇಗಿರುತ್ತದೆ ಎಂದು ಕಲಿಸಿದವರಿಗೆ ಗೊತ್ತು. ಇಲ್ಲಿ ಅದು ಕಳುವಾದ 0.37 ಸೆಕೆಂಡನ್ನು ಹಿಡಿದುಕೊಡುವ ಸಾಕ್ಷಿಯಾಗಿ ಬರುತ್ತದೆ. ತಮಾಷೆ ಅಂದರೆ ಗುಂಡನ್ನು ಜಾರಲು ಬಿಡದೆ ತಿರುಗಿಸುವುದು ಘರ್ಷಣೆಯೇ. ಆದರೆ ಜಾರದೇ ಉರುಳುವಾಗ ಅದು ಶಕ್ತಿಯನ್ನು ತಿಂದುಹಾಕುವುದಿಲ್ಲ, ಸುಮ್ನೆ ಸಾಗುವ ಕಡೆಯಿಂದ ತಿರುಗುವ ಕಡೆಗೆ ದಾಟಿಸುತ್ತದೆ.

ಈ ಪ್ರಯೋಗ ನನಗೆ ಇಷ್ಟವಾಗಲು ಇನ್ನೊಂದು ಕಾರಣ ಇದೆ. ರೀಡಿಂಗ್ ಕುಕ್ ಮಾಡುವುದು, ಅಂದರೆ ಬೇಕಾದ ಉತ್ತರಕ್ಕೆ ಹೊಂದುವ ಅಂಕಿ ಬರೆದುಕೊಳ್ಳುವುದು, ಎಲ್ಲ ಲ್ಯಾಬಿನ ಹಳೇ ಕಾಯಿಲೆ. ಉತ್ತರ 9.8 ಬರಬೇಕು ಅಂತ ಗೊತ್ತಿದ್ದರೆ 9.8 ತಂದೇ ತರುತ್ತಾರೆ. ಈ ಹಲಗೆಯ ಮೇಲೆ ಪ್ರಾಮಾಣಿಕವಾಗಿ ಅಳೆದು, ಜಾರುವ ಪೆಟ್ಟಿಗೆಯ ಸೂತ್ರದಿಂದ 'ಜಿ' ತೆಗೆದರೆ ಬರುವುದು 7. ಹಾಗಾಗಿ 9.8 ತಂದವರೇ ಸಿಕ್ಕಿಬೀಳುತ್ತಾರೆ! ನಾನು ಅಂಕ ಕೊಡುವುದು ಪುಸ್ತಕದ ಬೆಲೆಗೆ ಎಷ್ಟು ಹತ್ತಿರ ಬಂದರು ಎಂದು ನೋಡಿ ಅಲ್ಲ. ಬರೆದಿಟ್ಟ ಸಂಖ್ಯೆಗೂ ಅಳೆದ ಸಂಖ್ಯೆಗೂ ಇರುವ ವ್ಯತ್ಯಾಸಕ್ಕೆ ಏನು ಕಾರಣ ಕೊಟ್ಟರು, ಅದನ್ನು ಹೇಗೆ ಪರೀಕ್ಷಿಸಿದರು ಅನ್ನುವುದಕ್ಕೆ.

ಇನ್ನು ಪ್ರಾಬ್ಲಮ್ ಬಿಡಿಸುವ ಭಾಗ. ಇದಕ್ಕೆ ಬೇರೆ ಪಟ್ಟಿ ತರುವುದಿಲ್ಲ. ಅದೇ ಗುಂಡು, ಹಲಗೆಯ ಬದಲು ಎರಡು ಹಳಿ. ಹಳಿಗಳ ನಡುವೆ 12 ಮಿಲಿಮೀಟರ್ ಸಂದು. ಇಳಿಜಾರು ಅದೇ 5 ಸೆಂಟಿಮೀಟರ್. ಈಗ ಬೇಗ ಬರುತ್ತದೋ, ತಡವಾಗಿಯೋ? ಮೊದಲು ಕೈ ಎತ್ತಿಸುತ್ತೇನೆ. ಬಹಳ ಸಲ ತರಗತಿ ಎರಡು ಪಾಲಾಗುತ್ತದೆ. 'ತಾಗುವ ಜಾಗ ಕಡಿಮೆ, ಬೇಗ ಬರುತ್ತೆ' ಅನ್ನುವವರೇ ಜಾಸ್ತಿ.

ಚಿತ್ರ ಬರೆದರೆ ದಾರಿ ಕಾಣುತ್ತದೆ. ಗುಂಡು ಈಗ ತನ್ನ ತಳದ ಮೇಲೆ ನಿಂತಿಲ್ಲ, ಎರಡು ಪಕ್ಕದಲ್ಲಿ ತಾಗಿ ಕೂತಿದೆ. ತ್ರಿಜ್ಯ 10, ಸಂದಿನ ಅರ್ಧ 6. ಪೈಥಾಗೊರಸ್ ಹಾಕಿದರೆ ತಾಗುವ ಗೆರೆಯಿಂದ ಕೇಂದ್ರದ ಎತ್ತರ 8. (ಸಂದನ್ನು 12 ಇಟ್ಟದ್ದು ಬೇಕಂತಲೇ.) ಅಂದರೆ ಒಂದು ಸುತ್ತು ತಿರುಗಿದರೆ 10ರ ಬದಲು 8ರ ಲೆಕ್ಕದಲ್ಲಿ ಮುಂದೆ ಹೋಗುತ್ತದೆ. ಅಷ್ಟೇ ದೂರಕ್ಕೆ ಜಾಸ್ತಿ ತಿರುಗಬೇಕು. ತಿರುಗುವ ಪಾಲು ಏರುತ್ತದೆ, ಸಾಗುವ ಪಾಲು ಇಳಿಯುತ್ತದೆ. 0.714 (ಏಳರಲ್ಲಿ ಐದು) ಇದ್ದದ್ದು 0.615 ಆಗುತ್ತದೆ. ಸಮಯ 2.58 ಸೆಕೆಂಡ್. ತಡ!

ಇಲ್ಲಿ ನಾನು ಹಿಡಿದು ಕೂರುವ ಅಭ್ಯಾಸ ಒಂದಿದೆ. ಕೊನೆಯವರೆಗೂ ಅಕ್ಷರಗಳಲ್ಲೇ ಬಿಡಿಸಬೇಕು, ಸಂಖ್ಯೆ ಕಟ್ಟಕಡೆಗೆ. ಸೂತ್ರ ಸಿಕ್ಕಿದ ಮೇಲೆ ಅದರ ಎರಡು ತುದಿ ಎಳೆದು ನೋಡಬೇಕು. ಸಂದು ಸೊನ್ನೆ ಮಾಡಿದರೆ ಹಲಗೆಯ ಏಳರಲ್ಲಿ ಐದು ವಾಪಸ್ ಬರಬೇಕು. ಸಂದು ವ್ಯಾಸದಷ್ಟೇ ಆಗುತ್ತಾ ಬಂದರೆ ಗುಂಡು ಬರೀ ತಿರುಗುತ್ತಾ ಸಾಗದೇ ಇರಬೇಕು, ವೇಗೋತ್ಕರ್ಷ ಸೊನ್ನೆಗೆ ಇಳಿಯಬೇಕು. ಎರಡೂ ಬಂದರೆ ಸೂತ್ರದ ಮೇಲೆ ನಂಬಿಕೆ ಇಡಬಹುದು. ಉತ್ತರದಲ್ಲಿ ರಾಶಿ ಎಲ್ಲೂ ಇಲ್ಲ ಅನ್ನುವುದನ್ನು ಮಕ್ಕಳೇ ಗಮನಿಸಿ ಭಾರದ ಗುಂಡು ಕೇಳುತ್ತಾರೆ. ಕೊಡುತ್ತೇನೆ. ಮೊದಲೇ ಸಂಖ್ಯೆ ತುಂಬಿದ್ದರೆ ಇದ್ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಗೆಲಿಲಿಯೊ ಪ್ರಸಂಗ ಹೇಳುವುದು ಇದೆಲ್ಲ ಆದ ಮೇಲೇ. 1638ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು ತಮ್ಮ ಇಳಿಜಾರನ್ನು ವಿವರಿಸಿದ್ದಾರೆ. ಮರದ ತೊಲೆಯಲ್ಲಿ ಕೊರೆದ ತೋಡು, ಅದಕ್ಕೆ ಅಂಟಿಸಿದ ನುಣುಪಾದ ಚರ್ಮದ ಹಾಳೆ, ಕಂಚಿನ ಗುಂಡು. ಸ್ಟಾಪ್‌ವಾಚ್ ಇಲ್ಲದ ಕಾಲ. ಪಾತ್ರೆಯಿಂದ ಸಣ್ಣ ಧಾರೆಯಲ್ಲಿ ಬಿದ್ದ ನೀರನ್ನು ತೂಗಿ ಸಮಯ ಅಳೆದರು. ಅವರದೂ ಉರುಳುವ ಗುಂಡೇ, ಅದೂ ತೋಡಿನಲ್ಲಿ. ಏಳರಲ್ಲಿ ಐದರ ತಂಟೆ ಅವರಿಗೆ ಯಾಕೆ ಬರಲಿಲ್ಲ? ಅವರು ನೋಡಿದ್ದು ಅನುಪಾತ. ದೂರ ನಾಲ್ಕು ಪಟ್ಟಾದರೆ ಸಮಯ ಎರಡು ಪಟ್ಟು. ಆ ಅನುಪಾತದಲ್ಲಿ ತಿರುಗುವಿಕೆಯ ಪಾಲು ಮೇಲೂ ಕೆಳಗೂ ಹೊಡೆದುಹೋಗುತ್ತದೆ. ಇದನ್ನು ಮೊದಲೇ ಹೇಳಿದರೆ ಬರೀ ಕತೆ. ಹಳಿಯ ಲೆಕ್ಕ ಮಾಡಿ ಬೆವರಿದ ಮೇಲೆ ಹೇಳಿದರೆ ಮಕ್ಕಳು ಗೆಲಿಲಿಯೊ ಜೊತೆ ವಾದಕ್ಕೇ ಇಳಿಯುತ್ತಾರೆ.

ಬೇರೆ ಪಾಠಗಳಿಗೂ ಇದೇ ಕ್ರಮ. ಮಸೂರದ ಅರ್ಧ ಭಾಗಕ್ಕೆ ರಟ್ಟು ಮುಚ್ಚಿದರೆ ಪರದೆಯ ಮೇಲೆ ಬಿಂಬ ಏನಾಗುತ್ತದೆ? ಅರ್ಧ ಬಿಂಬ ಹೋಗುತ್ತದೆ ಎಂದು ಹೆಚ್ಚಿನವರು ಬರೆಯುತ್ತಾರೆ. ಬಿಂಬ ಪೂರ್ತಿ ಇರುತ್ತದೆ, ಮಂಕಾಗುತ್ತದೆ ಅಷ್ಟೇ. ಕಿರಣಚಿತ್ರದಲ್ಲಿ ಎರಡೇ ಗೆರೆ ಎಳೆದು ರೂಢಿಯಾದದ್ದರ ಫಲ ಇದು. ಆರಿರುವ ಟಾರ್ಚ್ ಬಲ್ಬಿನ ರೋಧವನ್ನು ಮೀಟರಿನಲ್ಲಿ ಅಳೆದು, ಉರಿಯುವಾಗ ಎಷ್ಟು ವಿದ್ಯುತ್ ಹರಿಯುತ್ತದೆ ಎಂದು ಓಮ್ ನಿಯಮದಿಂದ ಹೇಳಿ ಅಂದರೆ ಉತ್ತರ ನಿಜಕ್ಕಿಂತ ಹಲವು ಪಟ್ಟು ಜಾಸ್ತಿ ಬರುತ್ತದೆ. ತಂತಿ ಬಿಸಿಯಾದಾಗ ರೋಧ ಏರುವುದು ಅಲ್ಲಿಂದ ಪಾಠವಾಗುತ್ತದೆ.

ಎಲ್ಲ ಪಾಠಕ್ಕೂ ಇದು ಒಗ್ಗುವುದಿಲ್ಲ. ಪರಮಾಣು, ನ್ಯೂಕ್ಲಿಯಸ್ ಬಂದಾಗ ಬೇರೆಯವರು ಅಳೆದ ಅಂಕಿಗಳನ್ನೇ ಕೊಟ್ಟು ಕೂರಿಸಬೇಕು. ಸಮಯವೂ ಜಾಸ್ತಿ ಬೇಕು. ಒಂದು ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಮುಗಿಯುವ ವಿಷಯಕ್ಕೆ ಮೂರು ಹಿಡಿಯುತ್ತದೆ. ಅದನ್ನು ಸರಿದೂಗಿಸಲು ಸುಮ್ನೆ ನೋಡಿ ಬರೆದುಕೊಳ್ಳುವ ಉದ್ದುದ್ದ ಡೆರಿವೇಶನ್‌ಗಳನ್ನು ಓದಿಕೊಂಡು ಬರಲು ಹೇಳಿಬಿಟ್ಟೆ. ಅದರಿಂದ ನಷ್ಟವಾದದ್ದು ನನಗೆ ಕಂಡಿಲ್ಲ.

ಗುಂಡಿನ ಪಾಠದ ಕೊನೆಗೆ ಟೇಬಲ್ ಟೆನಿಸ್ ಚೆಂಡು ಕೊಡುತ್ತೇನೆ. ಟೊಳ್ಳು ಗೋಳಕ್ಕೆ ಸಾಗುವ ಪಾಲು ಐದರಲ್ಲಿ ಮೂರು. ಅದೇ ಹಲಗೆಯಲ್ಲಿ 2.61 ಸೆಕೆಂಡ್ ಬರಬೇಕು. ಗಡಿಯಾರ ಅದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಇಷ್ಟು ಹೊತ್ತು ಬಾಯಿಮುಚ್ಚಿಸಿದ್ದ 'ಗಾಳಿ ಸಾರ್' ಈಗ ಮತ್ತೆ ಬರುತ್ತದೆ. ಈ ಸಲ ನಾನು ಒಪ್ಪುತ್ತೇನೆ. ಆದರೆ ಅದೇ ಪ್ರಶ್ನೆ: ಎಷ್ಟು? ಚೆಂಡಿನ ರಾಶಿ 2.7 ಗ್ರಾಂ, ವ್ಯಾಸ 40 ಮಿಲಿಮೀಟರ್. ಕೆಳತುದಿಯ ವೇಗದಲ್ಲಿ ಗಾಳಿಯ ತಡೆ, ಚೆಂಡನ್ನು ಇಳಿಜಾರಿಗೆ ಎಳೆಯುವ ಬಲದ ಸುಮಾರು ಆರನೇ ಒಂದು ಭಾಗ ಇರುತ್ತದೆ. ಉಕ್ಕಿನ ಗುಂಡಿಗೆ ಅದೇ ಲೆಕ್ಕ ಹಾಕಿದರೆ ನೂರಕ್ಕೆ ಅರ್ಧವೂ ಇಲ್ಲ. ತಡೆ ವೇಗದ ವರ್ಗದ ಜೊತೆ ಏರುವುದರಿಂದ ಇದಕ್ಕೆ ನಮ್ಮ ಹಳೇ ಸೂತ್ರ ಸಾಲದು. ಸ್ಪ್ರೆಡ್‌ಶೀಟ್ ತೆರೆದು 0.05 ಸೆಕೆಂಡಿನ ಹೆಜ್ಜೆ ಇಡುತ್ತಾ, ಪ್ರತಿ ಹೆಜ್ಜೆಗೂ ಹೊಸ ವೇಗ, ಹೊಸ ತಡೆ, ಹೊಸ ದೂರ ಬರೆಯುತ್ತಾ ಹೋಗಬೇಕು. ದೂರ 1 ಮೀಟರ್ ಮುಟ್ಟಿದ ಸಾಲಿನ ಸಮಯವನ್ನು ಪೆನ್ನಿನಲ್ಲಿ ಬರೆದ ಮೇಲೆ ಚೆಂಡು ಕೈಗೆ ಸಿಗುತ್ತದೆ.