ಆರು ವಾರ ಒಂದೇ ಬೂಟು

ಮಳೆ ಶುರುವಾಯಿತೆಂದು ತಾರಸಿಗೆ ಓಡಿ ಒಣಗಿದ ಬಟ್ಟೆಯನ್ನೆಲ್ಲ ಬಾಚಿಕೊಂಡೆ. ಇಳಿಯುವಾಗ ಬಟ್ಟೆ ರಾಶಿಯ ಕೆಳಗೆ ಕೊನೆ ಮೆಟ್ಟಿಲು ಕಾಣಲಿಲ್ಲ. ಬಲಪಾದ ಒಳಕ್ಕೆ ಮಡಚಿಕೊಂಡಿತು. ಟಕ್ ಅಂತ ಸದ್ದು ನನಗೇ ಕೇಳಿಸಿತು.

ಎಕ್ಸ್‌ರೇಯಲ್ಲಿ ಕಿರುಬೆರಳಿನ ಕಡೆಯ ಉದ್ದ ಮೂಳೆ, ಐದನೇ ಮೆಟಟಾರ್ಸಲ್, ಬುಡದಲ್ಲಿ ಚೂರು ಕಿತ್ತಿತ್ತು. "ಪ್ಲಾಸ್ಟರ್ ಬೇಡ, ಗಟ್ಟಿ ಅಟ್ಟೆಯ ಬೂಟು ಸಾಕು, ನೋವು ತಡೆಯುವಷ್ಟು ಕಾಲೂರಿ" ಎಂದರು ಡಾಕ್ಟರು. ಇನ್ನು ಸ್ವಲ್ಪ ಮುಂದೆ ಮುರಿದಿದ್ದರೆ ಕಥೆಯೇ ಬೇರೆಯಂತೆ. ಅಲ್ಲಿ ರಕ್ತ ಓಡಾಟ ಕಮ್ಮಿ, ಕೂಡುವುದು ನಿಧಾನ. ಆ ಮುರಿತಕ್ಕೆ ಜೋನ್ಸ್ ಫ್ರ್ಯಾಕ್ಚರ್ ಅಂತ ಹೆಸರು. ರಾಬರ್ಟ್ ಜೋನ್ಸ್ ಎಂಬ ಬ್ರಿಟಿಷ್ ಸರ್ಜನ್ ಕುಣಿಯುವಾಗ ತನ್ನ ಪಾದವನ್ನೇ ಹಾಗೆ ಮುರಿದುಕೊಂಡು, 1902ರಲ್ಲಿ ಅದರ ಬಗ್ಗೆ ಬರೆದನಂತೆ. ನನ್ನದು ಬಟ್ಟೆ ತರಲು ಹೋಗಿ. ಕುಣಿದಿದ್ದರೆ ಹೇಳಿಕೊಳ್ಳಲಾದರೂ ಚೆನ್ನಾಗಿರುತ್ತಿತ್ತು.

ಬೂಟು ತರಲು ಯಜಮಾನರು ಹೋದರು. ಅಂಗಡಿಯವನು ಕೊಟ್ಟಿದ್ದು ಹಿಮ್ಮಡಿ ಮಾತ್ರ ನೆಲಕ್ಕೂರುವ, ಮುಂಭಾಗ ಗಾಳಿಯಲ್ಲಿ ನಿಲ್ಲುವ ಜೋಡು. ಎರಡು ಹೆಜ್ಜೆಗೇ ಗೋಡೆ ಹಿಡಿದೆ. ಡಾಕ್ಟರು ಹೇಳಿದ್ದು ಇದಲ್ಲ, ಮರುದಿನ ಬದಲಾಯಿಸಿದೆವು. ಈ ಸಲ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದೆ. ಬೆರಳಿನ ಹತ್ತಿರ ಬಗ್ಗಿದರೆ ಅದು ಸುಮ್ನೆ ಚಪ್ಪಲಿ ಅಷ್ಟೇ. ಪಾದ ಬಾಗದ ಹಾಗೆ ತಡೆಯುವುದೇ ಇದರ ಕೆಲಸ, ಅಲ್ವಾ?

ಆಮೇಲೆ ಶುರುವಾಗಿದ್ದು ಸೊಂಟನೋವು. ಬೂಟಿನ ಅಟ್ಟೆ ದಪ್ಪ, ಎಡಗಾಲು ಬರಿಗಾಲು. ಇಡೀ ದಿನ ಒಂದು ಕಾಲು ಹೊಸ್ತಿಲ ಮೇಲೆ, ಇನ್ನೊಂದು ಕೆಳಗೆ ಇಟ್ಟು ನಡೆದ ಹಾಗೆ. ನಾಲ್ಕನೇ ದಿನ ಎಡಗಾಲಿಗೆ ಹಳೆ ವಾಕಿಂಗ್ ಶೂ ಹಾಕಿ, ಒಳಗೆ ಇನ್ನೊಂದು ಇನ್‌ಸೋಲ್ ತುರುಕಿದೆ. ಎರಡು ದಿನದಲ್ಲಿ ಸೊಂಟ ಸುಮ್ಮನಾಯಿತು. ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ.

ನಿಜವಾದ ಜಗಳ ನಡೆದದ್ದು ಅತ್ತೆಯ ಜೊತೆ. ಮನೆಯೊಳಗೆ ಚಪ್ಪಲಿಯೇ ಹಾಕದವರು ನಾವು. ಅಡುಗೆಮನೆಗೆ ಬೂಟು! ಆದರೆ ನಾನು ಜಾಸ್ತಿ ಓಡಾಡುವುದೇ ಅಲ್ಲಿ. ಕೊನೆಗೆ ರಾಜಿಯಾಯಿತು: ಬೂಟು ಬಾಗಿಲಾಚೆ ಹೋಗಬಾರದು, ಹೋಗಿ ಬಂದರೆ ಅಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ದೇವರಮನೆ ಮುಂದೆ ಕುರ್ಚಿ. ಒರೆಸಿದ್ದು ಹೆಚ್ಚು ಸಲ ಅತ್ತೆಯೇ.

ಸ್ನಾನಕ್ಕೆ ಬೂಟು ಬಿಚ್ಚಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು. ಊರುಗೋಲು ಎಡಗೈಯಲ್ಲಿ, ಅಂದರೆ ಪೆಟ್ಟಾದ ಕಾಲಿನ ಎದುರು ಕಡೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಪೆಟ್ಟಾದ್ದು ಮೊದಲು. ಮೂರನೇ ವಾರ ವೆಲ್ಕ್ರೋ ಹಿಡಿಯುವುದೇ ನಿಂತಿತು. ನೋಡಿದರೆ ತುಂಬ ತಲೆಕೂದಲು, ದಾರದ ಎಳೆ. ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಸೂಜಿಯಲ್ಲಿ ಎಳೆದು ತೆಗೆದೆ. ಮತ್ತೆ ಚರ್ ಅಂತ ಅಂಟಿತು.

ಆರನೇ ವಾರ ಒತ್ತಿದರೂ ನೋವಿಲ್ಲ, ಆದರೆ ಎಕ್ಸ್‌ರೇಯಲ್ಲಿ ಗೆರೆ ಇನ್ನೂ ಕಾಣುತ್ತಿತ್ತು. ಎದೆ ಧಸಕ್ಕೆಂದಿತು. ಫಿಲ್ಮಿನಲ್ಲಿ ಗೆರೆ ಅಳಿಯುವುದು ತಡವಾಗಿಯೇ, ಒತ್ತಿದರೆ ನೋವಿಲ್ಲ ಎನ್ನುವುದು ಮುಖ್ಯ ಎಂದರು ಡಾಕ್ಟರು. ಹವಾಯಿ ಚಪ್ಪಲಿ ಮಾತ್ರ ಇನ್ನೊಂದು ತಿಂಗಳು ಬೇಡವೆಂದರು.

ನನ್ನ ಬೂಟಿಗೆ ಎಡ ಬಲ ಅಂತಿರಲಿಲ್ಲ. ಎದುರುಮನೆ ಹುಡುಗ ಕ್ರಿಕೆಟ್ ಆಡಿ ಕಾಲ್ಬೆರಳು ಮುರಿದುಕೊಂಡಾಗ ತೊಳೆದು ಕೊಟ್ಟೆ, ಅವನ ಡಾಕ್ಟರೂ ನೋಡಿ ಆಗುತ್ತೆ ಎಂದರಂತೆ. ಈಗ ಅವನ ಎಡಗಾಲಲ್ಲಿದೆ. ಟೂತ್‌ಬ್ರಷ್ಷನ್ನೂ ಜೊತೆಗೇ ಕೊಟ್ಟಿದ್ದೇನೆ.