ಹಳೇ ಡ್ರಮ್‌ಗಳನ್ನು ಬಟ್ಟೆ ಚೀಲದಲ್ಲಿಟ್ಟೇ ಉಳಿಸಿಕೊಂಡೆ

ಪ್ಲಾಸ್ಟಿಕ್ ಸುತ್ತಿ, ಗಾಳಿಯಾಡದಂತೆ ಮುಚ್ಚದಿದ್ದರೆ ಹಳೇ ಡ್ರಮ್ ಉಳಿಯಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬಟ್ಟೆ ಚೀಲ ಅಂದಾಗ ರಿಪೇರಿಯಲ್ಲಿ ಪಳಗಿದವರೇ ಬೇಡ ಅಂತ ತಲೆಯಾಡಿಸಿದರು. ಈಗ ಮೂರ್ನಾಲ್ಕು ವರ್ಷ ಆಯಿತು. ಎರಡು ಹಳೇ ಸೆಟ್, ನಾಲ್ಕೈದು ಬಿಡಿ ಸ್ನೇರ್ (ಕೆಳಗೆ ತಂತಿ ಇರುವ ಚಿಕ್ಕ ಡ್ರಮ್) ನನ್ನ ಹತ್ತಿರ ಇವೆ. ಯಾವುದರಲ್ಲೂ ಹೊಸ ತುಕ್ಕಿಲ್ಲ, ಡ್ರಮ್ ಮೈಗೆ ಅಂಟಿಸಿದ ಪ್ಲಾಸ್ಟಿಕ್ ಹೊದಿಕೆಯಾದ ರ‍್ಯಾಪ್ ಸೀಮ್ (ಕೂಡು ಅಂಚು) ಎದ್ದಿಲ್ಲ. ಬೇಡ ಅಂದವರಲ್ಲಿ ಇಬ್ಬರು ಈಗ ತಮ್ಮ ಡ್ರಮ್‌ಗಳನ್ನೂ ಹೀಗೇ ಇಟ್ಟಿದ್ದಾರೆ.

ಮೊದಲು ಪ್ಲಾಸ್ಟಿಕ್ ಕಥೆ. ದಪ್ಪ ಹಾಳೆ, ಸುತ್ತ ಟೇಪ್, ಒಳಗೆ ಸಿಲಿಕಾ ಜೆಲ್. ಎಲ್ಲರೂ ಹೇಳುತ್ತಿದ್ದ ವಿಧಾನವೇ ಅದು. ಕೆಲವು ತಿಂಗಳ ನಂತರ ಬಿಚ್ಚಿದಾಗ ಮೂಗಿಗೆ ಚುಚ್ಚುವ ವಾಸನೆ. ಹೆಡ್ (ಡ್ರಮ್ಮಿನ ಬಡಿಯುವ ಪೊರೆ) ಬಿಗಿಯುವ ಟೆನ್ಷನ್ ರಾಡ್ ತಲೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಆ ರಾಡ್ ಕೂರುವ ಲಗ್ ಒಳಗಿನ ಸ್ಪ್ರಿಂಗ್‌ಗೂ ತುಕ್ಕು. ಕಾರಣ ಹೊರಗಿನ ತೇವ ಮಾತ್ರ ಅಲ್ಲ, ಡ್ರಮ್ಮೇ. ಮುತ್ತಿನ ಹೊಳಪಿನ ಹಳೇ ಪರ್ಲ್ ರ‍್ಯಾಪ್‌ಗಳಲ್ಲಿ ಬಹಳಷ್ಟು ಹಳೇ ಕಾಲದ ಪ್ಲಾಸ್ಟಿಕ್ ಆದ ಸೆಲ್ಯುಲೋಸ್ ನೈಟ್ರೇಟ್‌ನವು. ವಯಸ್ಸಾದಂತೆ ಅವು ಆಮ್ಲದ ಅನಿಲ ಬಿಡುತ್ತವೆ. ಮುಚ್ಚಿಟ್ಟರೆ ಆ ಅನಿಲ ಅಲ್ಲೇ ಸುತ್ತಿ ಲೋಹವನ್ನೂ ತಿನ್ನುತ್ತದೆ, ರ‍್ಯಾಪನ್ನೂ ಇನ್ನಷ್ಟು ಬೇಗ ಕೆಡಿಸುತ್ತದೆ. ಬಬಲ್ ರ‍್ಯಾಪ್ ಸುತ್ತಿದ್ದ ಲ್ಯಾಕರ್ (ಹೊಳಪಿನ ಲೇಪ) ಹಚ್ಚಿದ ಟಾಮ್ ಡ್ರಮ್ ಮೇಲೆ ಗುಳ್ಳೆಗಳ ಅಚ್ಚು ಬಿದ್ದಿತ್ತು. ಅದನ್ನು ತೆಗೆಸಲು ಕೊಟ್ಟ ದುಡ್ಡಿಗೆ ಒಳ್ಳೇ ಸ್ನೇರ್ ಸ್ಟ್ಯಾಂಡ್ ಬರುತ್ತಿತ್ತು. ಹಳೇ ಗಟ್ಟಿ ಕೇಸ್‌ಗಳನ್ನೂ ನಂಬಬೇಡಿ. ಒಳಗಿನ ಫೋಮ್ ಕರಗಿ ಅಂಟಾಗಿ ಫಿನಿಶ್‌ಗೆ ಮೆತ್ತಿಕೊಳ್ಳುತ್ತದೆ.

ನನ್ನ ಮಾತು ನಂಬದವರಿಗಾಗಿ ಒಂದು ಪ್ರಯೋಗ ಮಾಡಿದೆ. ಒಂದೇ ರ‍್ಯಾಪ್ ತುಂಡನ್ನು ಎರಡು ಮಾಡಿ ಎರಡು ಗಾಜಿನ ಬಾಟಲಿಗೆ ಹಾಕಿದೆ. ಜೊತೆಗೆ ಒಂದೊಂದು ಉಜ್ಜಿದ ಕಬ್ಬಿಣದ ಮೊಳೆ. ಒಂದರ ಮುಚ್ಚಳ ಬಿಗಿ, ಇನ್ನೊಂದರ ಬಾಯಿಗೆ ಬರೀ ಬಟ್ಟೆ. ಸುಮಾರು ಎರಡು ತಿಂಗಳಲ್ಲಿ ಬಿಗಿ ಬಾಟಲಿಯ ಮೊಳೆ ಕೆಂಪಾಯಿತು. ಬಟ್ಟೆ ಕಟ್ಟಿದ್ದರಲ್ಲಿ ಹೊಳಪು ಹಾಗೇ ಇತ್ತು. ಆ ಎರಡು ಮೊಳೆ ತೋರಿಸಿದ ಮೇಲೆ ವಾದ ನಿಂತಿತು.

ಆಮೇಲೆ ಗಾಳಿಯ ತೇವ ತೆಗೆಯುವ ಮಷಿನ್, ಡಿಹ್ಯೂಮಿಡಿಫೈಯರ್ ತಂದೆ. ಹಳೇ ಸ್ನೇರ್ ಒಂದಕ್ಕೆ ಕೊಡುವಷ್ಟು ದುಡ್ಡು ಹೋಯಿತು. ರಾತ್ರಿ ಹಗಲು ಓಡಿಸಿದಾಗ ಕೋಣೆಯ ತೇವಾಂಶ ಶೇಕಡಾ 30ರ ಹತ್ತಿರ ಇಳಿಯಿತು. ಬಾಸ್ ಡ್ರಮ್ಮಿನ ಹೆಡ್ ಹಿಡಿದಿಡುವ ಬಳೆ, ಹೂಪ್‌ನ ಇನ್‌ಲೇ (ಅಂಟಿಸಿದ ಅಲಂಕಾರದ ಪಟ್ಟಿ) ಅಂಚು ಬಿಟ್ಟಿತು. ಕರುವಿನ ಚರ್ಮದ ಹೆಡ್ ಇರುವ ಸ್ನೇರ್ ತಾನಾಗೇ ಎಷ್ಟು ಬಿಗಿಯಾಯಿತು ಅಂದರೆ ಭಯವಾಯಿತು. ಪ್ಲಾಸ್ಟಿಕ್ಕಿನ ಮೈಲಾರ್ ಹೆಡ್ ಬಂದದ್ದು 1950ರ ದಶಕದ ಕೊನೆಗೆ. ಅದಕ್ಕೂ ಹಿಂದಿನ ಡ್ರಮ್ ಇದ್ದವರಿಗೆ ಚರ್ಮದ ಆಟ ಗೊತ್ತೇ ಇದೆ, ಅಲ್ವಾ? ಒಣಗಿದರೆ ಎಳೆಯುತ್ತದೆ, ತೇವವಾದರೆ ಸಡಿಲವಾಗುತ್ತದೆ. ಮರಕ್ಕೂ ಚರ್ಮಕ್ಕೂ ಬೇಕಾದದ್ದು ಒಣ ಗಾಳಿ ಅಲ್ಲ, ಏರಿಳಿತ ಇಲ್ಲದ ಗಾಳಿ. ನಾನು 45ರಿಂದ 55ರ ನಡುವೆ ಇಡುತ್ತೇನೆ. ಮಷಿನ್ 55 ದಾಟಿದಾಗ ಮಾತ್ರ ಓಡುತ್ತದೆ, ಕರೆಂಟ್ ಬಿಲ್ಲೂ ಅರ್ಧಕ್ಕಿಂತ ಕಡಿಮೆಯಾಗಿದೆ.

ತೇವಾಂಶ ಅಳೆಯುವ ಮೀಟರನ್ನೂ ಸುಮ್ನೆ ನಂಬಬೇಡಿ. ನನ್ನ ಎರಡು ಮೀಟರ್‌ಗಳ ನಡುವೆ ಎಂಟು ಹತ್ತು ಅಂಕ ವ್ಯತ್ಯಾಸ ಇತ್ತು. ಸಣ್ಣ ಡಬ್ಬಿಯಲ್ಲಿ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ, ನೀರಾಗದಂತೆ ಒದ್ದೆ ಮಾಡಿ, ಮೀಟರ್ ಜೊತೆ ಮುಚ್ಚಿ ಒಂದು ದಿನ ಬಿಡಿ. 75 ತೋರಿಸಬೇಕು. ಎಷ್ಟು ತಪ್ಪು ತೋರಿಸುತ್ತದೋ ಅದನ್ನು ಮೀಟರ್ ಮೇಲೇ ಬರೆದುಬಿಡಿ.

ಈಗಿನ ವ್ಯವಸ್ಥೆ ಹೀಗಿದೆ. ಹೊರಗೋಡೆಗೆ ತಾಗದ ಬೀರು, ನೆಲದಿಂದ ಒಂದು ಗೇಣು ಮೇಲೆ. ಪ್ರತಿ ಡ್ರಮ್‌ಗೆ ಬಣ್ಣ ಹಾಕದ ಹತ್ತಿ ಬಟ್ಟೆಯ ಚೀಲ. ಹೊಸ ಬಟ್ಟೆಯ ಗಂಜಿ ಹೋಗುವವರೆಗೆ ಎರಡು ಮೂರು ಸಲ ಒಗೆದು, ಪೂರ್ತಿ ಒಣಗಿಸಿ ಹೊಲಿಸಿದೆ. ಹಳೇ ಕಂಪ್ಯೂಟರ್‌ನಿಂದ ತೆಗೆದ ಸಣ್ಣ ಫ್ಯಾನ್ ಒಂದು ಬೀರುವಿನೊಳಗೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಹೊತ್ತು ತಿರುಗುತ್ತದೆ. ರಬ್ಬರ್, ವಿನೈಲ್ ಯಾವುದೂ ಫಿನಿಶ್‌ಗೆ ತಾಗುವಂತಿಲ್ಲ, ಅವು ಲ್ಯಾಕರನ್ನು ಕರಗಿಸಿ ಕಲೆ ಬಿಡುತ್ತವೆ. ರ‍್ಯಾಪ್ ಇರುವ ಡ್ರಮ್‌ಗಳ ಹತ್ತಿರ ಆಕ್ಟಿವೇಟೆಡ್ ಇದ್ದಿಲಿನ ಪೊಟ್ಟಣ ಇಡುತ್ತೇನೆ. ಎಷ್ಟು, ಎಲ್ಲಿ, ಅದರ ಜೊತೆ ಏನು ಬೆರೆಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮಷಿನ್ ಬಿಟ್ಟರೆ ಇಷ್ಟಕ್ಕೆಲ್ಲ ಆದ ಖರ್ಚು ಒಂದು ಸೆಟ್‌ಗೆ ಹೊಸ ಹೆಡ್ ಹಾಕಿಸುವಷ್ಟೂ ಇಲ್ಲ.

ಹೆಡ್ ತೆಗೆದು ಇಡಬೇಕೋ ಹಾಕಿ ಇಡಬೇಕೋ ಅನ್ನುವ ಜಗಳ ಮುಗಿಯುವಂಥದ್ದಲ್ಲ. ನಾನು ಹಾಕಿಯೇ ಇಡುತ್ತೇನೆ. 60ರ ದಶಕದ ಲುಡ್ವಿಗ್ ಕಂಪನಿಯ ತ್ರೀ-ಪ್ಲೈ (ಮೂರು ಪದರದ ಮರದ) ಶೆಲ್‌ಗೆ ಮೇಲೂ ಕೆಳಗೂ ಮೇಪಲ್ ಮರದ ರೀ-ರಿಂಗ್ (ಒಳಗಿನಿಂದ ಬಲ ಕೊಡುವ ಬಳೆ) ಇದೆ. ಆದರೂ ಡ್ರಮ್ಮಿನ ಮೈಯಾದ ತೆಳು ಶೆಲ್ ಹೆಡ್ ಇಲ್ಲದೆ ಬರಿದಾಗಿ ವರ್ಷಗಟ್ಟಲೆ ಕೂತರೆ ದುಂಡು ತಪ್ಪಬಹುದು. ರಾಡ್‌ಗಳನ್ನು ಬೆರಳಲ್ಲಿ ಬಿಗಿ ಮಾಡಿ, ಕೀಯಿಂದ ಅರ್ಧ ಸುತ್ತು, ಎರಡೂ ಕಡೆ ಒಂದೇ ಸಮ. ಸ್ನೇರ್ ವೈರ್ ಸಡಿಲ. ನಾಲ್ಕು ಕಡೆ ಅಡ್ಡ ಅಳತೆ ತೆಗೆದು ಬರೆದಿಟ್ಟಿದ್ದೇನೆ. ಈವರೆಗೆ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯೂ ಆಗಿಲ್ಲ. ಬಾಸ್ ಡ್ರಮ್ ಸ್ಪರ್ (ಬದಿಯ ಕಾಲು) ಮೇಲೆ ನಿಲ್ಲುವುದಿಲ್ಲ, ದಪ್ಪ ಉಣ್ಣೆ ಫೆಲ್ಟ್ ಮೇಲೆ ಹೆಡ್ ಕೆಳಗಾಗಿ ಮಲಗುತ್ತದೆ. ಅದರ ಮೇಲೆ ಏನನ್ನೂ ಪೇರಿಸುವುದಿಲ್ಲ.

ಬಿಳಿ ಪರ್ಲ್ ರ‍್ಯಾಪಿನ ಒಂದು ಚೂರಿನ ಅರ್ಧಕ್ಕೆ ಫಾಯಿಲ್ ಸುತ್ತಿ ಕಿಟಕಿಯಲ್ಲಿಟ್ಟಿದ್ದೆ. ಆರೇಳು ತಿಂಗಳಲ್ಲೇ ತೆರೆದ ಅರ್ಧ ಹಳದಿಗೆ ತಿರುಗಿತು. ಅಂದಿನಿಂದ ಬೀರುವಿಗೆ ಗಾಜಿನ ಬಾಗಿಲು ಬೇಕು ಅನ್ನುವ ಆಸೆ ಬಿಟ್ಟಿದ್ದೇನೆ.

ಕ್ರೋಮ್‌ಗೆ ವರ್ಷಕ್ಕೊಮ್ಮೆ ಮೈಕ್ರೋಕ್ರಿಸ್ಟಲಿನ್ ಮೇಣ, ತೆಳುವಾಗಿ. ಅಲ್ಯೂಮಿನಿಯಂ ಶೆಲ್ ಮೇಲಿನ ಕ್ರೋಮ್‌ನಲ್ಲಿ ಒಮ್ಮೆ ಎದ್ದ ಗುಳ್ಳೆ ಹಿಂದೆ ಹೋಗುವುದಿಲ್ಲ. ಆದರೆ ನನ್ನ ಸ್ನೇರ್‌ನ ಗುಳ್ಳೆಗಳನ್ನು ಒಂದೇ ಬೆಳಕಲ್ಲಿ ವರ್ಷಾವರ್ಷ ಫೋಟೋ ತೆಗೆದು ಹೋಲಿಸಿದ್ದೇನೆ, ಹೊಸದೊಂದೂ ಎದ್ದಿಲ್ಲ. ಎದ್ದ ಇನ್‌ಲೇಗೆ ಮೀನಿನ ಅಂಟು ಹಾಕಿ ನೋಡುತ್ತಿದ್ದೇನೆ. ಒಂದು ಹೂಪ್‌ನಲ್ಲಿ ಕೂತಿದೆ, ಇನ್ನೊಂದು ಇನ್ನೂ ಕ್ಲಾಂಪ್‌ನಲ್ಲಿದೆ.